ಎಲ್‌ಟಿಒ-5 ಟೇಪ್ ಡ್ರೈವ್: ಕಮಾಂಡ್ ಲೈನ್‌ನಿಂದ ಬ್ಯಾಕಪ್ ನಡೆಸಿದವರ ಅನುಭವ

ಬದಿಯಡ್ಕದ ಸುತ್ತಮುತ್ತಲಿನ ಬಯಲಾಟಗಳನ್ನು ಇರುಳಿಡೀ ಚಿತ್ರೀಕರಿಸುವ ನಮ್ಮ ಸ್ಟುಡಿಯೊಗೆ ಹಾರ್ಡ್ ಡಿಸ್ಕ್ ಎಷ್ಟಿದ್ದರೂ ಸಾಲದು. ಡೇಟಾವನ್ನು ಕಾಂತೀಯ ಟೇಪಿನಲ್ಲಿ ಬರೆದಿಡುವ ಹೊಸ ಟೇಪ್ ಡ್ರೈವ್‌ನ ಬೆಲೆ ಕೈಗೆಟುಕುವಂಥದ್ದಲ್ಲವಾದ್ದರಿಂದ ಬಳಸಿದ ಎಲ್‌ಟಿಒ-5 (ಎಲ್‌ಟಿಒ ಎಂಬ ಟೇಪ್ ಮಾದರಿಯ ಐದನೇ ಪೀಳಿಗೆ) ಡ್ರೈವ್ ಒಂದನ್ನು ಕೊಂಡು, ಲಿನಕ್ಸ್ ಇರುವ ಹಳೆಯ ಡೆಸ್ಕ್‌ಟಾಪ್‌ಗೆ ಜೋಡಿಸಿಕೊಂಡೆ. ಟೇಪ್ ಸುತ್ತಿರುವ ಕಾರ್ಟ್ರಿಡ್ಜ್ ಒಂದರಲ್ಲಿ 1.5 ಟಿಬಿ ಹಿಡಿಯುತ್ತದೆ. ವಿಡಿಯೊ ಮೊದಲೇ ಕಂಪ್ರೆಸ್ ಆಗಿರುವುದರಿಂದ, ಜಾಹೀರಾತಿನಲ್ಲಿ ಹೇಳುವ 3 ಟಿಬಿಯನ್ನು ನಮ್ಮಂಥವರು ಲೆಕ್ಕಕ್ಕೆ ಹಿಡಿಯಬಾರದು.

ಮೊದಲ ಮಳೆಗಾಲವಿಡೀ ನನ್ನನ್ನು ಕಾಡಿದ್ದು ಒಂದೇ ದೋಷ. ಆಟದ ವಿಡಿಯೊ ಬರೆಯುವಾಗ ಭಾಗವತರ ಹಾರ್ಮೋನಿಯಂನ ಶ್ರುತಿಯಂತೆ ಏಕನಾದದಲ್ಲಿ ಓಡುವ ಡ್ರೈವ್, ಪ್ರಸಂಗ ಪುಸ್ತಕಗಳ ಸ್ಕ್ಯಾನ್ ಚಿತ್ರಗಳ ಫೋಲ್ಡರ್ ಬಂದೊಡನೆ ತಟ್ಟನೆ ನಿಂತು, ಹಿಂದಕ್ಕೆ ಸುತ್ತಿ, ಮತ್ತೆ ಮುಂದೆ ಸಾಗಿ, ಪುನಃ ನಿಲ್ಲುತ್ತಿತ್ತು. ಸೆಕೆಂಡಿಗೆ 140 ಎಂಬಿ ಬರೆಯಬಲ್ಲ ಈ ಯಂತ್ರ ಅಗತ್ಯಕ್ಕೆ ತಕ್ಕಂತೆ ವೇಗವನ್ನು ತಗ್ಗಿಸಿಕೊಳ್ಳುತ್ತದೆಯಾದರೂ ಅದಕ್ಕೊಂದು ಕೆಳಮಿತಿಯಿದೆ. ಸಣ್ಣ ಸಣ್ಣ ಫೈಲುಗಳನ್ನು ಹುಡುಕಿ ಹುಡುಕಿ ಓದುವ ಹಾರ್ಡ್ ಡಿಸ್ಕ್ ಆ ಮಿತಿಯನ್ನೂ ಮುಟ್ಟುವುದಿಲ್ಲ. ಹೀಗೆ ಹಿಂದೆ ಮುಂದೆ ತಿಕ್ಕಾಡಿದಷ್ಟೂ ಟೇಪೂ ಅದನ್ನು ಓದಿ ಬರೆಯುವ ಹೆಡ್ಡೂ ಸವೆಯುತ್ತವೆ. ಕೊಟ್ಟ ಹಣ ನೀರುಪಾಲಾಯಿತೆಂದೇ ನನಗೆ ಆಗ ಅನಿಸಿತ್ತು.

ಪರಿಹಾರ ಸಿಕ್ಕಿದ್ದು ಎಂಬಫರ್ ಎಂಬ ಪುಟ್ಟ ಪ್ರೋಗ್ರಾಮಿನಲ್ಲಿ. ಫೈಲುಗಳನ್ನು ಒಂದೇ ಕಟ್ಟಾಗಿಸುವ ಟಾರ್ ಪ್ರೋಗ್ರಾಮ್ ಕೊಡುವ ಡೇಟಾವನ್ನು ನೇರವಾಗಿ ಟೇಪಿಗೆ ಬಿಡದೆ, 4 ಜಿಬಿ ಮೆಮೊರಿಯಲ್ಲಿ ಕೂಡಿಸಿಟ್ಟು, ಅದರ ಶೇಕಡಾ 90 ತುಂಬಿದ ಬಳಿಕವೇ ಬರೆಯಲು ತೊಡಗುವಂತೆ ಬ್ಯಾಕಪ್ ಕಮಾಂಡುಗಳನ್ನು ಬರೆದಿಟ್ಟ ಸ್ಕ್ರಿಪ್ಟಿನಲ್ಲಿ ಒಂದು ಸಾಲು ಸೇರಿಸಿದೆ. ನಿಲುಗಡೆ ಪೂರ್ತಿ ತಪ್ಪಲಿಲ್ಲ, ಆದರೆ ಎಡೆಬಿಡದೆ ಎಡವುತ್ತಿದ್ದ ಡ್ರೈವ್ ಈಗ ದೀರ್ಘ ಓಟಗಳ ನಡುವೆ ಮಾತ್ರ ವಿರಮಿಸುತ್ತದೆ.

ಅಂದಿನಿಂದ ಸಂಜೆಯ ಈ ಕೆಲಸ ನನಗೆ ಪ್ರಿಯವಾಗಿದೆ. ಸ್ಟುಡಿಯೊದ ಶಟರ್ ಎಳೆದು, ಯುಪಿಎಸ್ ಚಾರ್ಜ್ ನೋಡಿ, ಕಾರ್ಟ್ರಿಡ್ಜನ್ನು ಒಳಗಿಡುತ್ತೇನೆ. ಅದು ಕುಳಿತ ಸದ್ದು ಕೇಳಿದ ಮೇಲೆ ಡ್ರೈವ್‌ನ ಸ್ಥಿತಿ ತೋರಿಸುವ ಎಂಟಿ ಸ್ಟೇಟಸ್ ಕಮಾಂಡ್ ಕೊಟ್ಟು, ಆನ್‌ಲೈನ್ ಎಂದು ಕಂಡರೆ ಸ್ಕ್ರಿಪ್ಟನ್ನು ಓಡಿಸುತ್ತೇನೆ. ಅದು ಹಳೆಯ ದಾಖಲೆಗಳ ಕೊನೆಗೆ ಹೋಗಿ, ಹೊಸದನ್ನು ಬರೆದು, ಹಿಂದಕ್ಕೆ ಸರಿದು, ಮೂಲ ಫೈಲುಗಳೊಡನೆ ಹೋಲಿಸಿ, ವ್ಯತ್ಯಾಸಗಳನ್ನು ಲಾಗ್ ಫೈಲಿಗೆ ಸೇರಿಸುತ್ತದೆ. ಹೊಸಬರು ಲಿನಕ್ಸ್‌ನಲ್ಲಿ ಡ್ರೈವ್‌ಗಿರುವ ಡಿವೈಸ್ ಹೆಸರಿನ ವಿಷಯದಲ್ಲಿ ಜಾಗ್ರತೆ ವಹಿಸಬೇಕು: ಎಸ್‌ಟಿ0 ಎಂದು ಬರೆದರೆ ಪ್ರತಿ ಕೆಲಸ ಮುಗಿದೊಡನೆ ಟೇಪ್ ಆರಂಭಕ್ಕೆ ಸುತ್ತಿಕೊಳ್ಳುತ್ತದೆ, ಮುಂದಿನ ಬ್ಯಾಕಪ್ ಹಿಂದಿನದರ ಮೇಲೆಯೇ ಬೀಳುತ್ತದೆ. ಎನ್‌ಎಸ್‌ಟಿ0 ಎಂದರೆ ನಿಂತಲ್ಲೇ ನಿಲ್ಲುತ್ತದೆ. ಬ್ಲಾಕ್ ಗಾತ್ರವನ್ನು, ಅಂದರೆ ಒಂದು ಸಲಕ್ಕೆ ಟೇಪಿಗೆ ಬರೆಯುವ ಡೇಟಾ ತುಂಡಿನ ಅಳತೆಯನ್ನು, ಕಾರ್ಟ್ರಿಡ್ಜಿನ ಚೀಟಿಯಲ್ಲಿ ಬರೆದಿಡುವುದೂ ಒಳ್ಳೆಯದು. ವರ್ಷಗಳ ಬಳಿಕ ಮತ್ತೊಬ್ಬರು ಓದಬೇಕಾದಾಗ ಅದು ಬೇಕಾಗುತ್ತದೆ.

ದೀರ್ಘಕಾಲ ಕಾದಿಡುವ ಟೇಪಿಗೆ ಶೇಕಡಾ 20ರಿಂದ 50ರ ತೇವಾಂಶವನ್ನು ಸೂಚಿಸಲಾಗಿದೆ. ಆಟಿ ತಿಂಗಳ ಕಾಸರಗೋಡಿನಲ್ಲಿ ಅದು ಕನಸಿನ ಮಾತು. ಆದ್ದರಿಂದ ಬಿಗಿ ಮುಚ್ಚಳದ ಡಬ್ಬಿ ಮತ್ತು ಸಿಲಿಕಾ ಜೆಲ್ ನನ್ನ ಖಾಯಂ ಖರ್ಚು. ಇನ್ನೊಂದು ಪ್ರತಿ ಪುತ್ತೂರಿನ ಅಕ್ಕನ ಮನೆಯಲ್ಲಿದೆ.

ಹೆಚ್ಚು ವಿಡಿಯೊ, ಕಡಿಮೆ ಬಜೆಟ್, ಕಮಾಂಡ್ ಬರೆಯುವ ತಾಳ್ಮೆ ಇರುವವರು ಇದನ್ನು ಧೈರ್ಯವಾಗಿ ಕೊಳ್ಳಬಹುದು. ಆದರೆ ಈ ಟೇಪುಗಳನ್ನು ಓದಬಲ್ಲ ಕೊನೆಯ ಪೀಳಿಗೆ ಎಲ್‌ಟಿಒ-7. ಎಲ್‌ಟಿಒ-8 ಡ್ರೈವ್ ಇವನ್ನು ಓದುವುದಿಲ್ಲ. ನನ್ನ ಡ್ರೈವ್ ಕೆಡುವ ಮೊದಲೇ ಬಳಸಿದ ಎಲ್‌ಟಿಒ-7 ಒಂದನ್ನು ಹುಡುಕತೊಡಗಿದ್ದೇನೆ.