ಸ್ಟೂಡೆಂಟ್ ವೀಸಾ ಹಾಕ್ತಿರೋರು ದಯವಿಟ್ಟು ಓದಿ: ಅಪ್ಪನ 38 ಸಾವಿರವನ್ನ 24 ಲಕ್ಷ ಮಾಡಿದರು

ಇದನ್ನ ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ. ಹೋದ ವಾರ ಜಗಳ ಆಡೋಕೆ ಅಂತ ತಂಗಿಯ ವೀಸಾ ಅರ್ಜಿ ಹಾಕಿಸಿದ ಬೆಂಗಳೂರಿನ ಕನ್ಸಲ್ಟೆನ್ಸಿಗೆ ಹೋದಾಗ, ಜನವರಿಯಲ್ಲಿ ಶುರುವಾಗೋ ಕೋರ್ಸ್‌ಗೆ ಅಂತ ಇನ್ನೂ ನಾಲ್ಕೈದು ಅಪ್ಪ ಅಮ್ಮಂದಿರು ಫೈಲ್ ಹಿಡಿದು ಕೂತಿದ್ದರು.

ನಮ್ಮದು ಚನ್ನರಾಯಪಟ್ಟಣದ ಹತ್ತಿರ ಒಂದು ಹಳ್ಳಿ. ನಾಲ್ಕು ಹಸು, ಸ್ವಲ್ಪ ತೆಂಗು. ತಂಗಿಗೆ ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿತ್ತು, 2025ರ ಸೆಪ್ಟೆಂಬರ್‌ಗೆ. ಡೆಪಾಸಿಟ್ ಕಟ್ಟಿ ಆಗಿತ್ತು, ಕ್ಯಾಸ್ (ವೀಸಾಗೆ ಯೂನಿವರ್ಸಿಟಿ ಕೊಡೋ ಸೀಟಿನ ದೃಢೀಕರಣ) ಬಂದಿತ್ತು, ಟಿಬಿ ಟೆಸ್ಟೂ ಆಗಿತ್ತು. ಉಳಿದಿದ್ದು ಫಂಡ್ ತೋರಿಸೋದು. ಬಾಕಿ ಫೀಸು 10,500 ಪೌಂಡ್. ಲಂಡನ್ ಹೊರಗಿನ ಊರಾದ್ದರಿಂದ ಖರ್ಚಿಗೆ ಆಗ ತಿಂಗಳಿಗೆ 1,136 ಪೌಂಡ್‌ನಂತೆ ಒಂಬತ್ತು ತಿಂಗಳಿಗೆ 10,224. ಎರಡೂ ಸೇರಿ ಹೆಚ್ಚು ಕಮ್ಮಿ 24 ಲಕ್ಷ ರೂಪಾಯಿ. ಅಷ್ಟೂ ದುಡ್ಡು 28 ದಿನ ಒಂದೇ ಸಮ ಖಾತೆಯಲ್ಲಿ ಇರಬೇಕು.

ಸೈಟಿನ ಪತ್ರ ಇಟ್ಟು ಎಜುಕೇಶನ್ ಲೋನ್‌ಗೆ ಹಾಕಿದ್ದೆವು. ಸ್ಯಾಂಕ್ಷನ್ ಲೆಟರ್‌ಗೆ ಹತ್ತು ದಿನ ಆಗುತ್ತೆ ಅಂತ ಬ್ಯಾಂಕಿನವರು ಹೇಳಿದ್ದರು. ಬರೀ ಹತ್ತು ದಿನ! ಕನ್ಸಲ್ಟೆಂಟ್ ಮಾತ್ರ, "ಅಷ್ಟು ಟೈಮ್ ಇಲ್ಲ ಸರ್, ಸೀಟು ಹೋಗುತ್ತೆ. ಫಂಡ್ ನಾವು ಅರೇಂಜ್ ಮಾಡ್ತೀವಿ, 45 ಸಾವಿರ ಆಗುತ್ತೆ" ಅಂದ. ಅವರೇ ದುಡ್ಡು ತಂದು ಅಪ್ಪನ ಖಾತೆಗೆ ಹಾಕಿಸಿ, ಆಮೇಲೆ ವಾಪಸ್ ತಗೊಳ್ಳುತ್ತಾರೆ ಅಂದುಕೊಂಡೆ. ಹಾಗೆ ಮಾಡೋರಿದ್ದಾರೆ ಅಂತ ಕೇಳಿದ್ದೆ. ಅದೂ ತಪ್ಪೇ, ಒಪ್ಪುತ್ತೇನೆ. ಆದರೆ ಎರಡೇ ದಿನದಲ್ಲಿ "ಪೇಪರ್ ರೆಡಿ" ಅಂತ ಮೆಸೇಜ್ ಬಂತು. 28 ದಿನ ಇರಬೇಕಾದ ದುಡ್ಡಿಗೆ ಎರಡು ದಿನದಲ್ಲಿ ಪೇಪರ್ ಹೇಗೆ ರೆಡಿ ಆಗುತ್ತೆ? ಆಗ ನನಗೆ ಹೊಳೆಯಲೇ ಇಲ್ಲ. ಅಪ್ಪನ ಕೈಲಿ ಒಂದು ಇಂಗ್ಲಿಷ್ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ ಕಳಿಸಿದೆ. ಅವರಿಗೆ ಇಂಗ್ಲಿಷ್ ಓದೋಕೆ ಬರಲ್ಲ. ನಾನು ಹೇಳಿದೆ, ಹಾಕಿದರು.

ಆಗಸ್ಟ್ ಮೊದಲ ವಾರ ತಂಗಿ ಬಯೋಮೆಟ್ರಿಕ್ ಕೊಟ್ಟು ಬಂದಳು. ಆಮೇಲೆ ಯಾವಾಗ ಕೇಳಿದರೂ ಒಂದೇ ಉತ್ತರ. "ಪ್ರೊಸೆಸಿಂಗ್‌ನಲ್ಲಿದೆ ಸರ್, ಟೆನ್ಷನ್ ತಗೋಬೇಡಿ." ಅವಳಿಗಿಂತ ಎರಡು ವಾರ ತಡವಾಗಿ ಹಾಕಿದ ಫ್ರೆಂಡ್‌ಗೆ ವೀಸಾ ಬಂತು. "ಒಬ್ಬೊಬ್ಬರದು ಒಂದೊಂದು ಥರ ಸರ್, ಟೆನ್ಷನ್ ತಗೋಬೇಡಿ."

ಸೆಪ್ಟೆಂಬರ್ 9ಕ್ಕೆ ನಾನೇ ಹೋಗಿ ಕೂತೆ. ಫೈಲ್ ಕೊಡೋವರೆಗೂ ಏಳಲ್ಲ ಅಂದೆ. ಪಾಸ್‌ಪೋರ್ಟ್ ಅವರ ಡ್ರಾಯರ್‌ನಲ್ಲೇ ಇತ್ತು! ಆಗಸ್ಟ್ 21ಕ್ಕೇ ವೀಸಾ ರಿಜೆಕ್ಟ್ ಆಗಿತ್ತು. ಅರ್ಜಿಯಲ್ಲಿ ಇಮೇಲ್ ಅವರದು, ಫೋನ್ ನಂಬರ್ ಅವರದು, ಕೊರಿಯರ್ ವಿಳಾಸವೂ ಅವರ ಆಫೀಸಿನದು. ಹತ್ತೊಂಬತ್ತು ದಿನ ಮುಚ್ಚಿಟ್ಟಿದ್ದರು.

ಫೈಲ್‌ನಲ್ಲಿ ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟ್ ಇತ್ತು. ಡೈರಿಯಿಂದ ಬಂದ ಹಾಲಿನ ದುಡ್ಡು 6,412 ರೂಪಾಯಿ, ಸರಿಯಾಗೇ ಇದೆ. ಕರೆಂಟ್ ಬಿಲ್ ಸರಿ ಇದೆ. ತಾರೀಖೂ ಸರಿ. ಕೊನೇ ಸಾಲಿನ ಬ್ಯಾಲೆನ್ಸ್ ಮಾತ್ರ 24,38,214. ಪಾಸ್‌ಬುಕ್‌ನಲ್ಲಿ ಇರೋದು 38,214. ಪ್ರತಿ ಸಾಲಿನ ಬ್ಯಾಲೆನ್ಸ್ ಮುಂದೆಯೂ ಒಂದು 24 ಸೇರಿಸಿದ್ದಾರೆ, ಅಷ್ಟೇ. ಒಂದು ರೂಪಾಯಿಯನ್ನೂ ಯಾರೂ ಖಾತೆಗೆ ಹಾಕಿಲ್ಲ. ಆ ಹಾಳೆ ನೋಡುವಾಗ ಕೈ ನಡುಗಿತು. ಬೆಳಿಗ್ಗೆ ಐದಕ್ಕೆ ಎದ್ದು ಹಾಲು ಕರೆದು ಹಾಕಿದ ದುಡ್ಡಿನ ಲೆಕ್ಕ ಅದು. ಅದನ್ನ ಸುಳ್ಳು ದಾಖಲೆ ಮಾಡಿ ಇನ್ನೊಂದು ದೇಶದ ಸರ್ಕಾರಕ್ಕೆ ಕೊಟ್ಟಿದ್ದಾರೆ, ಅಪ್ಪನ ಸಹಿ ಸಮೇತ.

ಯುಕೆ ವೀಸಾದಲ್ಲಿ ಮೋಸ ಅಂತ ತೀರ್ಮಾನ ಆದರೆ ಹತ್ತು ವರ್ಷ ಬ್ಯಾನ್. ತಂಗಿಗೆ ಈಗ 23.

ಕೇಳಿದರೆ ಏನಂದ ಗೊತ್ತಾ? "ಎಲ್ರೂ ಹಿಂಗೇ ಮಾಡೋದು ಸರ್, ನಿಮ್ಮ ಲಕ್ ಸರಿ ಇಲ್ಲ." ಕಂಪ್ಲೇಂಟ್ ಕೊಡ್ತೀನಿ ಅಂದಾಗ ದನಿ ಬದಲಾಯಿತು. "ಕೊಡಿ ಸರ್. ಅಪ್ಲಿಕೇಶನ್ ನಿಮ್ಮ ತಂಗಿ ಹೆಸರಲ್ಲಿದೆ, ಡಿಕ್ಲರೇಶನ್ ಅವರದು, ಸಹಿ ನಿಮ್ಮ ತಂದೆಯದು. ನಮ್ಮ ಹೆಸರು ಎಲ್ಲಿದೆ ತೋರಿಸಿ." ನಿಜ, ಎಲ್ಲೂ ಇಲ್ಲ. ರಾತ್ರಿ ವಾಟ್ಸಾಪ್‌ನಲ್ಲಿ ಇನ್ನೊಂದು ಬಂತು. "ಬೇರೆ ಕಂಟ್ರಿಗೆ ಹಾಕೋಣ, ಸರ್ವೀಸ್ ಚಾರ್ಜ್ ಅರ್ಧ ಮಾಡ್ತೀವಿ."

ಇನ್ನೊಂದು ಮೋಸ ಆಮೇಲೆ ಗೊತ್ತಾಯಿತು. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ಹೆಲ್ತ್ ಸರ್‌ಚಾರ್ಜ್ ಅಂತ 1,164 ಪೌಂಡ್ ಕಟ್ಟಬೇಕಿತ್ತು. ನಾವು ಅವನ ಕೈಗೆ ಕ್ಯಾಶ್ ಕೊಟ್ಟಿದ್ದೆವು, ಅವನು ತನ್ನ ಕಾರ್ಡ್‌ನಲ್ಲಿ ಕಟ್ಟಿದ್ದ. ನಾವು ಕಟ್ಟಿದ ವೀಸಾ ಫೀಸು 524 ಪೌಂಡ್ ವಾಪಸ್ ಬರಲ್ಲ, ಆದರೆ ಸರ್‌ಚಾರ್ಜ್ ರಿಜೆಕ್ಟ್ ಆದರೆ ತಾನಾಗಿಯೇ ವಾಪಸ್ ಬರುತ್ತೆ, ಕಟ್ಟಿದ ಕಾರ್ಡ್‌ಗೇ. ಅಂದ್ರೆ ಅವನಿಗೆ. ಕೇಳಿದರೆ "ಗವರ್ನಮೆಂಟ್ ಫೀಸು, ಬರಲ್ಲ ಸರ್" ಅಂತಾನೆ. ನಮ್ಮ ಒಂದು ಲಕ್ಷದ 36 ಸಾವಿರ!

ಹೊಟ್ಟೆ ಉರಿಯೋ ವಿಷಯ ಇನ್ನೊಂದಿದೆ. ಬ್ಯಾಂಕಿನ ಎಜುಕೇಶನ್ ಲೋನ್ ಲೆಟರ್ ಕೊಟ್ಟರೆ 28 ದಿನದ ಲೆಕ್ಕವೇ ಇಲ್ಲ. ಆ ಹತ್ತು ದಿನ ಕಾದಿದ್ದರೆ ಸಾಕಿತ್ತು. ಹತ್ತು ದಿನ.

ಯಾರ ಹತ್ತಿರವಾದರೂ ಹೋಗಿ, ಇಮೇಲ್ ನಿಮ್ಮದೇ ಕೊಡಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ. ದುಡ್ಡು ನಿಮ್ಮ ಕಾರ್ಡ್‌ನಿಂದಲೇ ಕಟ್ಟಿ. ಸಬ್‌ಮಿಟ್ ಮಾಡೋಕೆ ಮುಂಚೆ ಅಪ್‌ಲೋಡ್ ಆದ ಒಂದೊಂದು ಹಾಳೆಯನ್ನೂ ಕೂತು ನೋಡಿ. "ಫಂಡ್ ಅರೇಂಜ್ ಮಾಡ್ತೀವಿ" ಅಂದ ತಕ್ಷಣ ಎದ್ದು ಬನ್ನಿ.

ಡೈರಿಗೆ ಹೋದರೆ ಸೆಕ್ರೆಟರಿ ದಿನಾ "ಮಗಳು ಯಾವಾಗ ಹೊರಡೋದು ಗೌಡ್ರೇ" ಅಂತ ಕೇಳ್ತಾರಂತೆ. ಅಪ್ಪ ಈಗ ಹಾಲಿನ ಕ್ಯಾನ್ ಪಕ್ಕದ ಮನೆ ಹುಡುಗನ ಕೈಲಿ ಕಳಿಸ್ತಾರೆ.

ತೀರ್ಮಾನ ಮರುಪರಿಶೀಲಿಸಿ ಅಂತ ಕೇಳೋಕೆ 28 ದಿನ ಇರುತ್ತೆ. ನಮಗೆ ಉಳಿದಿದ್ದು ಒಂಬತ್ತು. 80 ಪೌಂಡ್ ಕಟ್ಟಿ, ಪಾಸ್‌ಬುಕ್ ಪ್ರತಿ, ವಾಟ್ಸಾಪ್ ಮೆಸೇಜ್ ಎಲ್ಲ ಇಟ್ಟು ಹಾಕಿದ್ದೇವೆ. ಈ ಸಲ ತಂಗಿಯೇ ಕೂತು ತುಂಬಿದಳು, ಅವಳದೇ ಇಮೇಲ್ ಹಾಕಿ. ಉತ್ತರ ಇನ್ನೂ ಬಂದಿಲ್ಲ.