ಹೌಸ್‌ಬೋಟ್‌ಗೆ ಮುಂಗಡ ಕೊಡುವ ಮುನ್ನ ಜನರೇಟರ್ ಬಗ್ಗೆ ಕೇಳಿ

ಹೌಸ್‌ಬೋಟ್ ಜಾಹೀರಾತಿನಲ್ಲಿ ದೊಡ್ಡ ಪರದೆಯ ಟಿವಿ, ಕರೋಕೆ, ಡೆಕ್ ಮೇಲೆ ಧ್ವನಿವರ್ಧಕ ಎಂದೆಲ್ಲ ಬರೆದಿದ್ದರೆ, ಬೇಡವೆನಿಸಿದಾಗ ಅವನ್ನು ನಿಲ್ಲಿಸಲು ಆಗುತ್ತದೆಯೇ ಎಂದು ಮೊದಲೇ ವಿಚಾರಿಸಿ. ನಮಗೆ ಸಿಕ್ಕ ದೋಣಿಯಲ್ಲಿ ಆಗುತ್ತಿರಲಿಲ್ಲ. ನೀರು, ದಡ, ಹಕ್ಕಿಗಳನ್ನು ನೋಡಲೆಂದು ಹೋದವರು ರಜೆಯ ಬಹುಪಾಲನ್ನು ಗದ್ದಲದಲ್ಲೇ ಕಳೆದು ಬಂದೆವು.

ಜೊತೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ನಮಗೆ ಶಾಂತವಾದ ದೋಣಿ ಬೇಕು ಎಂದು ಕಾಯ್ದಿರಿಸುವಾಗಲೇ ಸ್ಪಷ್ಟವಾಗಿ ಹೇಳಿದ್ದೆವು. ಅದಕ್ಕೇನಂತೆ, ಆಗಲಿ ಎಂಬ ಉತ್ತರವೂ ಬಂದಿತ್ತು. ಹತ್ತಿದ ಮೇಲೆ ಕಂಡದ್ದೇ ಬೇರೆ. ಕೂರುವ ಕೋಣೆಯ ಆಸನಗಳನ್ನೆಲ್ಲ ಟಿವಿಗೆ ಎದುರಾಗಿ ನೆಲಕ್ಕೆ ಬಿಗಿದಿದ್ದರು. ನೀರು ನಮ್ಮ ಬೆನ್ನ ಹಿಂದೆ. ಪರದೆಯ ಮೇಲೆ ಬಿಸಿಲು ಬೀಳಬಾರದೆಂದು ಕಿಟಕಿಗಳಿಗೆ ಕಪ್ಪು ಹಾಳೆ ಅಂಟಿಸಿದ್ದರಿಂದ ನಡುಹಗಲಲ್ಲೂ ದಡದ ಹಸಿರು ಮಸಿ ಬಳಿದಂತೆ ಕಾಣುತ್ತಿತ್ತು.

ಮೇಲಿನ ಡೆಕ್‌ಗೆ ಹೋದರೆ ಕುರ್ಚಿಗಳ ನೆತ್ತಿಯ ಮೇಲೇ ಧ್ವನಿವರ್ಧಕ. ನೀರಿನಲ್ಲಿ ನೆಟ್ಟ ಗೂಟವೊಂದರ ಮೇಲೆ ಮಿಂಚುಳ್ಳಿ ಕುಳಿತಿತ್ತು. ಕೊಕ್ಕನ್ನು ಕೆಳಗೆ ಮಾಡಿ, ತಲೆಯನ್ನು ತುಸುವೂ ಅಲುಗಿಸದೆ ನೀರನ್ನೇ ನೋಡುತ್ತಿತ್ತು. ಅಮ್ಮ ಮೊಮ್ಮಗಳನ್ನು ಹತ್ತಿರಕ್ಕೆ ಎಳೆದುಕೊಂಡು ಬೆರಳು ಎತ್ತುವಷ್ಟರಲ್ಲಿ ಧ್ವನಿವರ್ಧಕ ಅಬ್ಬರಿಸಿತು. ಹಕ್ಕಿ ನೀರಿಗೆ ತಾಗುವಷ್ಟು ತಗ್ಗಿನಲ್ಲಿ ಹಾರಿ ಮರೆಯಾಯಿತು. ಮಗು ಅಜ್ಜಿಯ ಮುಖ ನೋಡಿ ‘ಎಲ್ಲಿ?’ ಎಂದಿತು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಹಾಡು ನಿಲ್ಲಿಸಿ ಎಂದಾಗಲೆಲ್ಲ ಸಿಬ್ಬಂದಿ ಸದ್ದು ತಗ್ಗಿಸುತ್ತಿದ್ದರು. ಸ್ವಲ್ಪ ಹೊತ್ತಿಗೆ ಅದು ಮತ್ತೆ ಏರುತ್ತಿತ್ತು. ಕೆಳಗಿನ ಕೋಣೆಗೂ ಡೆಕ್‌ಗೂ ಸೇರಿ ಇದ್ದದ್ದು ಒಂದೇ ಸ್ವಿಚ್. ದೋಣಿಯಲ್ಲಿ ಬೇರೆ ಕುಟುಂಬಗಳೂ ಇದ್ದವು, ಹಾಡಿ ಕುಣಿಯಲೆಂದೇ ಬಂದಿದ್ದವರು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ಹಾಡನ್ನೂ ನಮಗೆ ಮೌನವನ್ನೂ ಮಾರಿ, ಎಲ್ಲರನ್ನೂ ಒಂದೇ ದೋಣಿಗೆ ಹತ್ತಿಸಿದವರದು ತಪ್ಪು.

ಲಂಗರು ಹಾಕಿದ ಮೇಲಾದರೂ ನೆಮ್ಮದಿ ಸಿಗಲಿಲ್ಲ. ಟಿವಿ, ಎಸಿ, ಬಣ್ಣ ಬದಲಿಸುವ ದೀಪಗಳು ಎಲ್ಲವೂ ಜನರೇಟರ್ ಮೇಲೆಯೇ ನಡೆಯುತ್ತಿದ್ದವು. ಸಂಜೆಯಾದಂತೆ ನೀರಿಗೆ ತಾಗಿದ ಗಾಳಿ ತಣ್ಣಗಾಗಿ, ಅದರ ಮೇಲೆ ಬೆಚ್ಚನೆಯ ಪದರ ಉಳಿದಾಗ ಸದ್ದು ಕೆಳಕ್ಕೆ ಬಾಗಿ ನೀರಿನ ಮೇಲೆ ಬಹುದೂರ ಸಾಗುತ್ತದೆ. ಹಾಗಾಗಿ ನಮ್ಮ ದೋಣಿಯ ಗಲಾಟೆ ಅಕ್ಕಪಕ್ಕದವರಿಗೂ ತಪ್ಪಲಿಲ್ಲ. ನಕ್ಷತ್ರಗಳ ಆಸೆಯನ್ನೂ ಬಿಟ್ಟೆವು. ಕಣ್ಣು ಕತ್ತಲೆಗೆ ಒಗ್ಗಲು 20ರಿಂದ 30 ನಿಮಿಷ ಬೇಕು, ಆ ದೀಪಗಳು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ.

ಬೆಳಿಗ್ಗೆ ಕಂಡದ್ದು ಮಾತ್ರ ನನ್ನನ್ನು ನಿಜಕ್ಕೂ ಹೆದರಿಸಿತು. ಜನರೇಟರ್‌ನ ಹೊಗೆ ಕೊಳವೆ ಹಿಂಬದಿಯ ಮೆಟ್ಟಿಲ ಪಕ್ಕದಲ್ಲೇ ತೆರೆದುಕೊಂಡಿತ್ತು, ಮಕ್ಕಳು ನೀರಿಗೆ ಕಾಲು ಇಳಿಬಿಟ್ಟು ಕೂರುವ ಜಾಗದಲ್ಲಿ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಮೆರಿಕದ ಪೊವೆಲ್ ಸರೋವರದಲ್ಲಿ 2000ರ ಆಗಸ್ಟ್‌ನಲ್ಲಿ ಹೌಸ್‌ಬೋಟೊಂದರ ಹಿಂಬದಿಯ ಹಲಗೆಯ ಕೆಳಗೆ ತುಂಬಿಕೊಂಡಿದ್ದ ಇಂಥದೇ ಅನಿಲಕ್ಕೆ ಇಬ್ಬರು ಬಾಲಕರು ಬಲಿಯಾದರು. ಹೊಗೆಯನ್ನು ಚಾವಣಿಗಿಂತ ಎತ್ತರಕ್ಕೆ ಒಯ್ದು ಬಿಡುವ ಕೊಳವೆಗಳು ಈಗ ಬಂದಿವೆ. ನೀವು ಹತ್ತುವ ದೋಣಿಯಲ್ಲಿ ಅದು ಇದೆಯೇ, ಮಲಗುವ ಕೋಣೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಪತ್ತೆ ಸಾಧನ ಇದೆಯೇ ಎಂದು ಕಣ್ಣಾರೆ ನೋಡಿ. ಇಲ್ಲದಿದ್ದರೆ ಇಳಿದುಬಿಡಿ.

ನಮ್ಮ ದೂರಿಗೆ, ಮನರಂಜನೆ ಪ್ಯಾಕೇಜಿನ ಭಾಗ, ಹಣ ಮರಳಿಸಲಾಗದು ಎಂಬ ಉತ್ತರ ಬಂತು. ಶಾಂತಿ ಬೇಕೆಂದು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಅಲ್ಲಿ ಬೆಲೆಯೇ ಇರಲಿಲ್ಲ. ಜನರೇಟರ್ ಎಷ್ಟು ಗಂಟೆಗೆ ನಿಲ್ಲುತ್ತದೆ, ರಾತ್ರಿ ಫ್ಯಾನು ಮತ್ತು ದೀಪ ಬ್ಯಾಟರಿಯಲ್ಲಿ ನಡೆಯುತ್ತವೆಯೇ, ಡೆಕ್‌ನ ಧ್ವನಿವರ್ಧಕಕ್ಕೆ ಬೇರೆ ಸ್ವಿಚ್ ಇದೆಯೇ, ದೋಣಿಯನ್ನು ಇನ್ನಾರೊಂದಿಗೆ ಹಂಚಿಕೊಳ್ಳಬೇಕು ಎಂಬುದನ್ನೆಲ್ಲ ಬರಹದಲ್ಲಿ ಪಡೆದುಕೊಂಡ ಮೇಲಷ್ಟೇ ಹಣ ಕಟ್ಟಿ.