ಆಲ್ಕಾರ್‌ನ ಶೀತಸಂರಕ್ಷಣಾ ಸೇವೆ: ದೇಹಕ್ಕೊಂದು ದರ, ತಲೆಗೊಂದು ದರ

ಅಮೆರಿಕದ ಅರಿಜೋನಾ ರಾಜ್ಯದ ಸ್ಕಾಟ್ಸ್‌ಡೇಲ್‌ನಲ್ಲಿರುವ ಆಲ್ಕಾರ್ ಸಂಸ್ಥೆಯು, ಮುಂದೊಂದು ಕಾಲದ ವಿಜ್ಞಾನ ಎಬ್ಬಿಸೀತೆಂಬ ನಿರೀಕ್ಷೆಯಲ್ಲಿ, ತೀರಿಕೊಂಡವರನ್ನು ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಲ್ಲಿ ಕಾಯ್ದಿಡುತ್ತದೆ. ಇಡೀ ದೇಹಕ್ಕೆ 2,20,000 ಡಾಲರ್. ತಲೆ ಮಾತ್ರವಾದರೆ 80,000 ಡಾಲರ್. ಈ ಸೇವೆಯನ್ನು ತೂಗಿ ನೋಡುವವರು ಎರಡನೆಯ ದರವನ್ನೇ ಮೊದಲು ಗಮನಿಸಬೇಕು. ಮಿದುಳು ಉಳಿದರೆ ಮನುಷ್ಯ ಉಳಿದಂತೆ ಎಂಬ ನಂಬಿಕೆ ಅಲ್ಲಿ ಬೆಲೆಯ ರೂಪದಲ್ಲಿ ಕುಳಿತಿದೆ.

ಈ ನಂಬಿಕೆಯ ಬೇರು ಒಂದು ಕಥೆಯಲ್ಲಿದೆ. 1931ರಲ್ಲಿ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯಲ್ಲಿ ಬಂದ ನೀಲ್ ಆರ್. ಜೋನ್ಸ್ ಅವರ 'ದ ಜೇಮ್ಸನ್ ಸ್ಯಾಟಲೈಟ್'ನಲ್ಲಿ ಪ್ರೊಫೆಸರ್ ಜೇಮ್ಸನ್ ಎಂಬವನ ಶವವು ನಾಲ್ಕು ಕೋಟಿ ವರ್ಷ ಕೆಡದೆ ಭೂಮಿಯನ್ನು ಸುತ್ತುತ್ತದೆ. ಕೊನೆಗೆ ಅನ್ಯಗ್ರಹದ ಜೀವಿಗಳು ಅವನ ಮಿದುಳನ್ನು ಲೋಹದ ಒಡಲಿಗೆ ಸೇರಿಸಿ ಎಬ್ಬಿಸುತ್ತಾರೆ. ಎದ್ದವನು ಜೇಮ್ಸನ್ನನೇ ಎಂಬ ಬಗ್ಗೆ ಕಥೆಗೆ ಸಂಶಯವಿಲ್ಲ. ಬಾಲ್ಯದಲ್ಲಿ ಇದನ್ನು ಓದಿದ ರಾಬರ್ಟ್ ಎಟಿಂಗರ್ 1960ರ ದಶಕದಲ್ಲಿ ಶೀತಸಂರಕ್ಷಣೆಯ ಚಳವಳಿಗೆ ನಾಂದಿ ಹಾಡಿದರು, ಮತ್ತು 2011ರಲ್ಲಿ ತೀರಿಕೊಂಡಾಗ ಮಿಷಿಗನ್‌ನಲ್ಲಿ ತಾವೇ ಕಟ್ಟಿದ ಸಂಸ್ಥೆಯಲ್ಲಿ ಸಂರಕ್ಷಿತರಾದರು.

ಕೆಲಸದ ಮಟ್ಟಿಗೆ ಆಲ್ಕಾರ್‌ನ ಶಿಸ್ತು ಮೆಚ್ಚತಕ್ಕದ್ದು. ಜೀವಕೋಶಗಳಲ್ಲಿ ಮಂಜಿನ ಹರಳು ಮೂಡದಂತೆ ರಕ್ತದ ಬದಲು ರಾಸಾಯನಿಕ ದ್ರಾವಣವನ್ನು ತುಂಬುತ್ತಾರೆ. ನಿರ್ವಾತ ಗೋಡೆಯ ಉಕ್ಕಿನ ಪಾತ್ರೆಯಲ್ಲಿ ದೇಹಗಳನ್ನು ತಲೆಕೆಳಗಾಗಿ ನಿಲ್ಲಿಸುತ್ತಾರೆ. ಸಾರಜನಕ ಇಳಿದುಹೋದರೂ ತಳದಲ್ಲಿರುವ ಮಿದುಳಿಗೆ ಎಲ್ಲಕ್ಕಿಂತ ಕೊನೆಗೆ ಬಿಸಿ ತಟ್ಟಲಿ ಎಂಬುದು ಉದ್ದೇಶ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಚಾಟ್ಸ್‌ವರ್ತ್‌ನಲ್ಲಿದ್ದ ಇಂಥದೇ ಬೇರೊಂದು ಸಂಸ್ಥೆಯಲ್ಲಿ ಹಣ ಮುಗಿದು ದೇಹಗಳು ಕೊಳೆತುಹೋದದ್ದನ್ನು ಬಲ್ಲವರಿಗೆ, ಆರೈಕೆಯ ಹಣವನ್ನು ಪ್ರತ್ಯೇಕ ನಿಧಿಯಲ್ಲಿಡುವ ಇಲ್ಲಿನ ಪದ್ಧತಿಯ ಬೆಲೆ ಅರ್ಥವಾಗುತ್ತದೆ. 1967ರಲ್ಲಿ ಎಲ್ಲರಿಗಿಂತ ಮೊದಲು ಹೀಗೆ ಸಂರಕ್ಷಿಸಲಾದ ಜೇಮ್ಸ್ ಬೆಡ್‌ಫರ್ಡ್ ಇಂದಿಗೂ ಈ ಸಂಸ್ಥೆಯ ವಶದಲ್ಲಿದ್ದಾರೆ. ಬೆಂಗಳೂರಿನಲ್ಲಿ ಕುಳಿತು ಸದಸ್ಯತ್ವದ ಯೋಚನೆ ಮಾಡುವವರು ಮಾತ್ರ, ಸಾವಿನ ನಂತರದ ಮೊದಲ ಗಂಟೆಗಳೇ ಮಿದುಳಿಗೆ ನಿರ್ಣಾಯಕವೆಂಬುದನ್ನು ಮರೆಯಬಾರದು.

ಇಲ್ಲಿಯವರೆಗೆ ಒಬ್ಬರನ್ನೂ ಎಬ್ಬಿಸಿಲ್ಲ. ಸಂಸ್ಥೆ ಇದನ್ನು ಮುಚ್ಚಿಡುವುದಿಲ್ಲ. ನನ್ನನ್ನು ಕಾಡುವ ಪ್ರಶ್ನೆ ಅದಕ್ಕೂ ಆಚೆಯದು: ಎದ್ದವನು ಸತ್ತವನೇ ಆಗಿರುತ್ತಾನೆಯೇ? ಕಾನೂನಿನ ಕಾಗದದಲ್ಲಿ ಸದಸ್ಯನು ದಾನವಾಗಿ ಬಂದ ದೇಹ, ಸಿಬ್ಬಂದಿಯ ಮಾತಿನಲ್ಲಿ ರೋಗಿ. ಅವನ ಪತ್ರ, ಫೋಟೊ, ದಿನಚರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಕ್ಯಾನ್ಸಾಸ್‌ನ ಉಪ್ಪಿನ ಗಣಿಯೊಂದರಲ್ಲಿ ಜೋಪಾನ ಮಾಡುವ ಏರ್ಪಾಡೂ ಇದೆ. ಮಿದುಳೊಂದೇ ಸಾಲುವಂತಿದ್ದರೆ ಆ ಪೆಟ್ಟಿಗೆ ಏಕೆ ಬೇಕಿತ್ತು? 2015ರ ಒಂದು ಪ್ರಯೋಗದಲ್ಲಿ ಶೀತಸಂರಕ್ಷಣೆಯಿಂದ ಹೊರಬಂದ ಪುಟ್ಟ ದುಂಡುಹುಳುಗಳು ಮೊದಲೇ ಕಲಿತಿದ್ದ ವಾಸನೆಯನ್ನು ಗುರುತಿಸಿದವು ನಿಜ, ಆದರೆ ಆ ಹುಳುವಿಗಿರುವುದು 302 ನರಕೋಶಗಳು.

ಮಿದುಳಿನ ರಚನೆಯನ್ನು ಓದಿ ಕಂಪ್ಯೂಟರಿಗೆ ಇಳಿಸುವ ಸಾಧ್ಯತೆಯನ್ನೂ ಈ ವಲಯದವರು ಗಂಭೀರವಾಗಿ ಚರ್ಚಿಸುತ್ತಾರೆ. ಹಾಗಾದರೆ ಒಬ್ಬನಿಂದ ಇಬ್ಬರು ಏಳಬಹುದು, ಇಬ್ಬರೂ ಅದೇ ತಾಯಿಯನ್ನು ನೆನೆಯಬಹುದು. ಅದೇ ಮಿದುಳು ದುರಸ್ತಿಯಾಗಿ ಎದ್ದರೆ ಕೊಟ್ಟ ಹಣಕ್ಕೆ ಸೇವೆ ಸಂದಿತೆಂದು ನಾನು ಒಪ್ಪುತ್ತೇನೆ. ನಕಲು ಪ್ರತಿ ಎದ್ದರೆ ಅದನ್ನು ಸತ್ತವನ ವಾರಸುದಾರನೆಂದಷ್ಟೇ ಕರೆಯಬಲ್ಲೆ. ಸೇರಬಯಸುವವರು ತಮಗೆ ಇವೆರಡರಲ್ಲಿ ಯಾವುದು ಒಪ್ಪಿಗೆ ಎಂಬುದನ್ನು ಸಹಿ ಹಾಕುವ ಮುನ್ನವೇ ಬರೆದು ಕೊಡಲಿ.